ಬಂದೂಕಿನ ಒಡವೆ

ನಮ್ಮೂರಿನಲ್ಲಿ ಬಂದೂಕು ಹೊತ್ತವನಿಗೆ ಅದರ ಭಾರ ಗೊತ್ತಾಗುವುದಿಲ್ಲ. ಭಾರ ಅವನ ಮನೆಗೆ ಕೊನೆಯದಾಗಿ ಬಂದು ಸೇರಿದವರ ಹೆಗಲಿಗೆ ಹೋಗುತ್ತದೆ. ನಾನು ಮದುವೆಯಾಗಿ ಹೊಸಿಲು ದಾಟಿದ ದಿನ ಸಂಜೆ ಊರ ಸುತ್ತಲಿನ ಕಾವಲುಗೋಡೆಯ ಮೇಲಿನ ನಗಾರಿ ಕೇಳಿಸಿದೊಡನೆ ಗಂಡ ಯಮನೂರಪ್ಪ ಗೂಟದಲ್ಲಿದ್ದ ಬಂದೂಕು ಎತ್ತಿಕೊಂಡ. ನಾನು ಕೈಯಲ್ಲಿದ್ದ ನೀರಿನ ತಂಬಿಗೆಯ ಸಮೇತ ನೆಲಕ್ಕೆ ಕುಕ್ಕರಿಸಿದೆ. ಅದೇ ಗಳಿಗೆಗೆ ಒಲೆಯ ಮುಂದೆ ಕುಳಿತಿದ್ದ ಅತ್ತೆ ಫಕೀರವ್ವ ಎದ್ದು ನಿಂತಳು. ಸೊಂಟ ನೆಟ್ಟಗೆ ಮಾಡಿದಳು. ತಲೆ ಎತ್ತಿ ಜಂತಿ ನೋಡಿದಳು.

"ಯವ್ವಾ, ಜಂತಿಗೆ ಇಷ್ಟು ಜ್ಯಾಡ ಕಟ್ಟೇತಲ್ಲ! ಇಷ್ಟು ವರ್ಷ ಇದರ ಕೆಳಗ ಅಡಿಗಿ ಮಾಡೀನೇನು?" ಎಂದು ನಕ್ಕಳು.

ನಗು ಮುಗಿಯುವ ಮೊದಲೇ ನನ್ನ ಕಡೆ ನೋಡಿದಳು. ಮುಖ ಸಣ್ಣದಾಯಿತು. ಬಂದು ನನ್ನ ಮೊಣಕೈ ಕೆಳಗೆ ಕೈ ಕೊಟ್ಟು ಎಬ್ಬಿಸಿದಳು.

"ಎಡಕ್ಕ ವಾಲು. ಭಾರ ಬಲಗಡೆಗೆ ಬರತೈತಿ. ಎಡಕ್ಕ ವಾಲಿದ್ರ ನಡೀಬಹುದು" ಎಂದಳು. ಅತ್ತೆಯಿಂದ ನಾನು ಕಲಿತ ಮೊದಲ ಪಾಠ ಅದು. ಸಾರಿಗೆ ಉಪ್ಪು ಎಷ್ಟು ಎಂಬುದು ಆಮೇಲೆ ಬಂತು.

ಯಮನೂರಪ್ಪ ನನಗೆ ಹೊರಗಿನವನಲ್ಲ. ಫಕೀರವ್ವ ನನ್ನ ಅಪ್ಪನ ಅಕ್ಕ. ಸಣ್ಣವರಿದ್ದಾಗ ಯಮನೂರಪ್ಪನೂ ನಾನೂ ಒಂದೇ ತಟ್ಟೆಯಲ್ಲಿ ಚುರುಮುರಿ ತಿಂದು ಜಗಳ ಆಡಿದವರು. ಅದಕ್ಕೇ ನಮ್ಮಲ್ಲಿ 'ರೀ' ಗೀ ಇರಲಿಲ್ಲ. ಕಾವಲು ಮುಗಿಸಿ ಬೆಳಗ್ಗೆ ಬಂದವನು ಬಂದೂಕು ಗೂಟಕ್ಕೆ ಹಾಕಿ, ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಯಾರೂ ಕೇಳಿಸಿಕೊಳ್ಳಬಾರದೆಂಬಂತೆ ಕೇಳಿದ: "ಹೆಂಗಿತ್ತು, ಹೊಳೆವ್ವಾ?"

"ಹೂವಿನ ಹಂಗ" ಎಂದೆ.

ಎಲ್ಲ ಹೆಂಗಸರೂ ಹೇಳುವುದು ಅದನ್ನೇ. ಅತ್ತೆ ಮಾವನಿಗೆ ಹೇಳಿದ್ದೂ ಅದನ್ನೇ. ಭಾರ ಎಷ್ಟೆಂದು ಬಾಯಿಬಿಟ್ಟು ಹೇಳುವುದು ನಮ್ಮೂರಲ್ಲಿ ನಾಚಿಕೆಗೇಡಿನ ಮಾತು. ಉಣ್ಣಲು ಕುಳಿತವನ ತುತ್ತು ಎಣಿಸಿದ ಹಾಗೆ. ಅವನ ಮುಖ ಅರಳಿತು. ಆ ಮುಖಕ್ಕಾಗಿ ಇನ್ನೂ ನಾಲ್ಕು ಸುಳ್ಳು ಹೇಳಬಹುದು ಎನಿಸಿತು.

ಆ ಕಾಲಕ್ಕೆ ಬಂದೂಕು ಎಂದರೆ ಕಟ್ಟಿಗೆ ಮತ್ತು ಕಬ್ಬಿಣ, ಅಷ್ಟೇ. ಒಂದು ತುಂಬಿದ ಕೊಡ ರಾತ್ರಿಯಿಡೀ ಹೆಗಲ ಮೇಲೆ ಇದ್ದ ಹಾಗೆ. ರೂಢಿಯಾಗುತ್ತದೆ. ನಗಾರಿ ಬಾರಿಸುವ ಮೊದಲೇ ಓಣಿಯ ಹೆಂಗಸರೆಲ್ಲ ರೊಟ್ಟಿ ಬಡಿದು ಮುಗಿಸುತ್ತಿದ್ದರು. ತಲೆಯ ಮೇಲಿನದನ್ನು ಇಳಿಸುತ್ತಿದ್ದರು, ಕಂಕುಳಲ್ಲಿದ್ದ ಕೂಸನ್ನು ಅಜ್ಜಿಯರ ಕೈಗೆ ಕೊಡುತ್ತಿದ್ದರು. ನಗಾರಿ ಕೇಳಿದ ಕೂಡಲೇ ಓಣಿಯ ಉದ್ದಕ್ಕೂ ಒಂದು ಉಸಿರು ಹೊರಬೀಳುತ್ತಿತ್ತು. ಗಂಡಸರು ಬಂದೂಕು ಹೊತ್ತು, ಗಲಗಲ ಮಾತಾಡುತ್ತ, ಗರಿಯಷ್ಟು ಹಗುರಾಗಿ ಗೋಡೆಯ ಮೆಟ್ಟಿಲು ಹತ್ತುತ್ತಿದ್ದರು. ಅಮಾವಾಸ್ಯೆಯ ರಾತ್ರಿ ಮಾತ್ರ ಕಾವಲು ಇಲ್ಲ. ಆ ರಾತ್ರಿ ಹೆಂಗಸರಿಗೆ ನಿದ್ದೆ ಬರುವುದಿಲ್ಲ. ಕತ್ತಲಲ್ಲಿ ಸುಮ್ಮನೆ, ನೆಟ್ಟಗೆ, ಓಣಿಯ ಈ ತುದಿಯಿಂದ ಆ ತುದಿಗೆ ಕೈ ಬೀಸಿ ತಿರುಗಾಡುತ್ತೇವೆ.

ಯಾರಿಂದ ಕಾವಲು ಎಂದು ಕೇಳುತ್ತೀರಿ. ದಿನ್ನೆಯ ಆಚೆಯವರಿಂದ. ಅವರು ಯಾವತ್ತಾದರೂ ಬಂದಿದ್ದರೇ? ಬಂದಿರಲಿಲ್ಲ. ಬಂದಿಲ್ಲ ಎಂದರೆ ಬಂದೂಕಿಗೆ ಹೆದರಿದ್ದಾರೆ ಎಂದೇ ಅರ್ಥ ಎಂದು ಗೋಡೆಯ ಪಂಚರು ಹೇಳುತ್ತಿದ್ದರು. ಸಂಜೆ ಯಾವ ಮನೆಯ ಬಂದೂಕು ಗೋಡೆ ಹತ್ತುವುದಿಲ್ಲವೋ ಆ ಮನೆಯವರನ್ನು ಗೋಡೆಯ ಹೊರಗೆ ಹಾಕುವ ಹಕ್ಕು ಅವರಿಗಿತ್ತು. ಇಂಥ ಮಾತಿಗೆ ಎದುರು ಹೇಳಲು ಹೆಗಲು ಹಗುರಿರಬೇಕು. ನಮ್ಮದು ಇರಲಿಲ್ಲ.

ಗೋಡೆಯ ಮೇಲೆ ಮಾಡುವುದಕ್ಕೆ ಕೆಲಸವೇನೂ ಇಲ್ಲ. ಕೆಲಸವಿಲ್ಲದ ಗಂಡಸರು ಒಬ್ಬರ ಬಂದೂಕನ್ನು ಒಬ್ಬರು ನೋಡುತ್ತ ಕೂರುತ್ತಾರೆ. ಕಮ್ಮಾರ ಮೌನೇಶನ ಅಂಗಡಿ ಬೆಳೆದದ್ದು ಹಾಗೆ. ಬಂದೂಕಿಗೆ ಸಿಕ್ಕಿಸುವ ಸಾಮಾನುಗಳನ್ನು ಅವನು 'ಒಡವೆ' ಎಂದು ಕರೆದ. ಆ ಹೆಸರೇ ಊರಲ್ಲಿ ನಿಂತಿತು.

ಯಮನೂರಪ್ಪ ಮೊದಲು ತಂದದ್ದು ದುರ್ಬೀನು. ನಳಿಗೆಯ ಮೇಲೆ ಎರಡು ತಿರುಪಿನಿಂದ ಕೂರುತ್ತಿತ್ತು. ತಂದ ದಿನ ಊಟವನ್ನೂ ಮಾಡಲಿಲ್ಲ. ಸಂಜೆ ಹೊರಡುವ ಮೊದಲು ನನ್ನನ್ನು ಮಾಳಿಗೆಗೆ ಕರೆದುಕೊಂಡು ಹೋಗಿ, ಬಂದೂಕನ್ನು ಕಟ್ಟೆಯ ಮೇಲಿಟ್ಟು, ನನ್ನ ತಲೆಯನ್ನು ಹಿಡಿದು ಅದಕ್ಕೆ ಕಣ್ಣು ಹಚ್ಚಿಸಿದ.

"ಕಾಣಾಕತ್ತೇತೇನು? ದಿನ್ನಿ ಆಚೆ?"

ಕಂಡಿತು. ದಿನ್ನೆಯ ಆಚೆ ಒಬ್ಬಳು ಹಗ್ಗದ ಮೇಲೆ ಒಣಗಿದ ಸೀರೆ ತೆಗೆಯುತ್ತಿದ್ದಳು. ಒಮ್ಮೆಲೇ ಬಲಗಡೆಗೆ ಕುಸಿದಳು. ಸೀರೆಯನ್ನು ಎದೆಗೆ ಒತ್ತಿಕೊಂಡು, ನಿಧಾನವಾಗಿ, ಎಡಕ್ಕೆ ವಾಲಿ ಎದ್ದು ನಿಂತಳು.

"ಏನ್ ಕಾಣತೈತಿ?"

"ಒಬ್ಬಾಕಿ ಅರಿವಿ ತೆಗಿಯಾಕತ್ತಾಳ" ಎಂದೆ. ಉಳಿದದ್ದನ್ನು ಹೇಳಲಿಲ್ಲ. ದಿನ್ನೆ ಆಚೆಯೂ ಒಂದು ನಗಾರಿ ಇದೆ ಎಂದು ಆವತ್ತು ನನಗೆ ಗೊತ್ತಾಯಿತು.

ದುರ್ಬೀನು ಬಂದ ಮೇಲೆ ಅಲ್ಲಾಡದಂತೆ ಕೂರಿಸಿ ನೋಡಲು ಊರುಗಾಲು ಬೇಕಾಯಿತು. ನಳಿಗೆಯ ಕೆಳಗೆ ಮಡಚುವ ಎರಡು ಕಬ್ಬಿಣದ ಕಾಲು. ಊರುಗಾಲು ಬಂದ ಮೇಲೆ, ಕತ್ತಲಲ್ಲಿ ಅದನ್ನು ಊರುವುದೆಲ್ಲಿ ಎಂದು ಬ್ಯಾಟರಿ ದೀಪ. ದೀಪ ಬಿದ್ದರೆ ಶತ್ರುವಿಗೆ ನಾವು ಕಾಣುತ್ತೇವಲ್ಲ, ಅದಕ್ಕೆ ಮುಂದೆ ಒಂದು ತಗಡಿನ ಮರೆ. ಆಮೇಲೆ ತುದಿಗೆ ಚೂರಿ, ಪಕ್ಕಕ್ಕೆ ಗುಂಡು ತುಂಬುವ ಎರಡನೇ ತೋಟಾಪೆಟ್ಟಿಗೆ, ಹಿಂದಕ್ಕೆ ಹಿತ್ತಾಳೆಯ ಪಟ್ಟಿ, ರೇಶಿಮೆಯ ಗೊಂಡೆ. ಒಂದು ದಿನ ಸದ್ದಡಗಿಸುವ ಕೊಳವೆ ಹಿಡಿದುಕೊಂಡು ಬಂದ.

ಅತ್ತೆ ಬೇಳೆ ಆರಿಸುತ್ತಿದ್ದಳು. "ಇದೇನೋ, ತಮ್ಮಾ?"

"ಗುಂಡು ಹಾರಿಸಿದ್ರ ಸಪ್ಪಳ ಆಗಂಗಿಲ್ಲಬೇ."

"ಹಾರಿಸಿದ್ದ ಇಲ್ಲ! ನಿಮ್ಮಪ್ಪನ ಕಾಲದಿಂದ ಆ ನಳಿಗ್ಯಾಗ ಗುಬ್ಬಿ ಗೂಡು ಕಟ್ಟೋದು ಬಾಕಿ ಐತಿ. ಇರದ ಸಪ್ಪಳಾ ಅಡಗಸ್ತಾನಂತ."

"ನಿನಗ ತಿಳಿಯೂದಿಲ್ಲ ಬಿಡಬೇ. ಇದು ಬರೀ ಬಂದೂಕಲ್ಲ, ರೈಫಲ್ಲು."

ನನಗೆ ಸಿಟ್ಟು ಬರುತ್ತಿರಲಿಲ್ಲ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಅವನು ಹೊಸ ಒಡವೆಯನ್ನು ಸಿಕ್ಕಿಸುವಾಗ ನಾಲಿಗೆಯನ್ನು ತುಟಿಯ ಮೂಲೆಯಲ್ಲಿ ಹಿಡಿದಿರುತ್ತಿದ್ದ. ಸಣ್ಣವನಿದ್ದಾಗ ಗಾಳಿಪಟಕ್ಕೆ ಬಾಲ ಕಟ್ಟುವಾಗಲೂ ಹಾಗೇ ಹಿಡಿಯುತ್ತಿದ್ದ. ಕೆಟ್ಟವನಲ್ಲ. ಕೈಗೆ ಹಗುರಾದದ್ದಕ್ಕೆ ಇನ್ನೊಂದು ಕೂಡಿಸಿದರೆ ಏನಾಗುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಭಾರ ಗೊತ್ತಾಗದವನಿಗೆ ಸಾಕು ಎಂದು ಹೇಳುವವರು ಯಾರು? ಹೇಳಬೇಕಾದವಳು ಹೂವು ಎನ್ನುತ್ತಿದ್ದಳು.

ಹಳ್ಳದ ಕಡೆಯಿಂದ ನಾನು ಕುಂಟುತ್ತ ಬರುವುದನ್ನು ಒಮ್ಮೆ ಅವನು ನೋಡಿದ. ಮರುದಿನ ಮೌನೇಶನ ಅಂಗಡಿಯಿಂದ ಅಂಗೈ ಅಗಲದ ಚರ್ಮದ ಹೆಗಲಪಟ್ಟಿ ತಂದ.

"ಇದು ನಿನಗಂತ ತಂದೇನಿ, ಹೊಳೆವ್ವಾ. ಮೌನೇಶ ಹೇಳಿದ, ಪಟ್ಟಿ ಅಗಲಿದ್ರ ಭಾರ ಹರಡತೈತಂತ. ಹೆಗಲಿಗೆ ಒತ್ತೂದಿಲ್ಲಂತ."

ಪಟ್ಟಿ ಅವನ ಹೆಗಲ ಮೇಲೆ ಅಗಲವಾಗಿ ಮೆತ್ತಗೆ ಕುಳಿತಿತು. ಅದರ ಹಿತ್ತಾಳೆ ಬಕ್ಕಲುಗಳ ಭಾರವೂ ಸೇರಿ ನನ್ನ ಹೆಗಲಿಗೆ ಬಂತು. "ಈಗ ಹೆಂಗೈತಿ?" ಎಂದು ಬಾಗಿಲಲ್ಲಿ ನಿಂತು ಕೇಳಿದ.

"ಭಾಳ ಹಗುರ ಆತು ನೋಡು" ಎಂದೆ. ಅವನು ಹೋದ ಮೇಲೆ ಅತ್ತೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ನಕ್ಕು ನನಗೆ ಅಳು ಬಂತು.

ಗೋಡೆಯ ಮೇಲೆ ಎಲ್ಲರ ಕಣ್ಣು ಕುಕ್ಕುತ್ತಿದ್ದದ್ದು ಸಾವಕಾರ ಶಿವಮೂರ್ತೆಪ್ಪನ ಬಂದೂಕು. ಅದರ ಮೈಯಲ್ಲಿ ಒಡವೆ ಇಲ್ಲದ ಜಾಗವೇ ಇರಲಿಲ್ಲ. ಹಾಗಾದರೆ ಅವನ ಸೊಸೆಯಂದಿರು ಸತ್ತುಹೋದರೇ? ಇಲ್ಲ. ದೊಡ್ಡವರ ಮನೆಯಲ್ಲಿ ಇದಕ್ಕೆಂದೇ ಸಂಬಳಕ್ಕೆ ಒಬ್ಬಳನ್ನು ಇಟ್ಟುಕೊಳ್ಳುತ್ತಾರೆ. ಅವಳಿಗೆ ಹೊಸಬಳು ಎಂದೇ ಹೆಸರು. ಅಮಾವಾಸ್ಯೆಯ ರಾತ್ರಿ ಮನೆಯ ಹೊರಗೆ ಮಲಗಿದವರು ಆಮೇಲೆ ಯಾವಾಗ ಹೊಸಿಲು ದಾಟಿ ಒಳಗೆ ಬರುತ್ತಾರೋ ಆವಾಗ ಹೊಸದಾಗಿ ಬಂದವರ ಲೆಕ್ಕ. ಆ ಮನೆಗೆ ಸೊಸೆ ಬರುವ ಮೊದಲು, ಮೊಮ್ಮಗ ಹುಟ್ಟುವ ಮೊದಲು, ಹೊಸಬಳ ಚಾಪೆಯನ್ನು ಅಮಾವಾಸ್ಯೆಗೆ ದನದ ಕೊಟ್ಟಿಗೆಗೆ ಹಾಕುತ್ತಾರೆ. ಸೊಸೆ ಬಂದ ಮೇಲೆ, ಮೊಮ್ಮಗ ಹುಟ್ಟಿದ ಮೇಲೆ, ಅವಳನ್ನು ಹಿಂಬಾಗಿಲಿನಿಂದ ಒಳಗೆ ಕರೆಯುತ್ತಾರೆ. ಮತ್ತೆ ಅವಳೇ ಕೊನೆಯವಳು.

ಆ ಮನೆಯ ಹೊಸಬಳು ನಮ್ಮವ್ವ. ಅಪ್ಪ ಸತ್ತ ಮೇಲೆ ಅಲ್ಲಿ ಸೇರಿದವಳು ಅಲ್ಲೇ ಮುದುಕಿಯಾದಳು. ಸಾವಕಾರ ಬಂದೂಕಿಗೆ ಹಿತ್ತಾಳೆಯ ಹುಲಿಮುಖ ಹಾಕಿಸಿದ ತಿಂಗಳು ನಮ್ಮವ್ವನ ಗದ್ದ ಎದೆಗೆ ತಾಗಿತು. ಒಂದು ಸಂಜೆ ಕೂತವಳು ಏಳಲಿಲ್ಲ. ಆ ಹೊತ್ತಿಗೆ ಗೋಡೆಯ ಮೇಲೆ ಸಾವಕಾರ ಬಂದೂಕನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿ ಶಹಬ್ಬಾಸ್ ಗಿಟ್ಟಿಸುತ್ತಿದ್ದನಂತೆ. ಒಂದೇ ಒಂದು ಗುಂಡು ಹಾರಿಸದ ಬಂದೂಕು ಕೊಲ್ಲುವುದಿಲ್ಲ ಎಂದು ಯಾರಾದರೂ ನನ್ನ ಮುಂದೆ ಹೇಳಲಿ.

ನಾನು ಬಸುರಾದೆ. ನಮ್ಮೂರಲ್ಲಿ ಬಸುರಿಗೆ ಖುಷಿಪಡುವ ಮೊದಲು ಅಮಾವಾಸ್ಯೆ ಯಾವತ್ತು ಎಂದು ನೋಡುತ್ತಾರೆ. ಹುಟ್ಟುವ ಕೂಸೇ ಮನೆಗೆ ಕೊನೆಯದಾಗಿ ಬಂದವರು. ಕಣ್ಣು ಬಿಡುವ ಮೊದಲು ಅದರ ಎಳೆ ಹೆಗಲ ಮೇಲೆ ಬಂದೂಕು. ಬಡವರ ಓಣಿಯಲ್ಲಿ ಇದಕ್ಕೆ ಇರುವ ದಾರಿ ಒಂದೇ. ಅಜ್ಜಿ ಅಮಾವಾಸ್ಯೆಯ ರಾತ್ರಿ ಹೊರಗೆ ಮಲಗಿ, ಕೂಸು ಹುಟ್ಟುವವರೆಗೆ ಹೊರಗೇ ಇದ್ದು, ಹುಟ್ಟಿದ ಮೇಲೆ ಒಳಗೆ ಬರುವುದು. ಭಾರ ಅಜ್ಜಿಯ ಮೇಲೆ ಹೋಗುತ್ತದೆ. ಅಜ್ಜಿಯ ಕೈಲಾಗದಾದಾಗ ತಾಯಿ ಹಾಗೇ ಒಂದು ಅಮಾವಾಸ್ಯೆ ಹೊರಗೆ ಮಲಗಿ ಬಂದು ಅದನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾಳೆ, ನಮ್ಮತ್ತೆ ಮಾಡಿದ ಹಾಗೆ.

ಒಂದು ಮಧ್ಯಾಹ್ನ ಅತ್ತೆ ಕೌದಿ ಮಡಚಿ ಗಂಟು ಕಟ್ಟುವುದನ್ನು ನೋಡಿದೆ.

"ಎಲ್ಲಿಗೆ?" ಎಂದೆ.

"ಎಲ್ಲಿಗಿ ಹೋಗಲಿ? ಬಾವಿಕಟ್ಟಿ ಐತಲ್ಲ. ಹೆರಿಗಿಗೆ ಬಾಜೂ ಮನಿಯಾಕಿ ಬರತಾಳ, ಹೇಳೀನಿ."

"ಅತ್ತಿ, ನೀ ಹೋಗಬ್ಯಾಡ."

"ಹುಚ್ಚಿ, ಮೊದಲ ಹೊತ್ತಾಕಿ ನಾ. ನನಗೇನು ಹೊಸದು?"

"ಆಗಿನ ಬಂದೂಕಲ್ಲ ಇದು" ಎಂದೆ.

ಅವಳು ಗಂಟು ಕಟ್ಟುವುದನ್ನು ನಿಲ್ಲಿಸಿದಳು. "ಎಷ್ಟೈತಿ?"

ನಾನು ಹೇಳಲಿಲ್ಲ. ಹೇಳಿ ರೂಢಿಯಿರಲಿಲ್ಲ. ರವಿಕೆ ಸರಿಸಿ ಬಲಹೆಗಲು ತೋರಿಸಿದೆ. ಎಲುಬಿನ ಮೇಲಿನ ಚರ್ಮ ಕಪ್ಪಾಗಿ, ಒರಟಾಗಿ, ಎತ್ತಿನ ಹೆಗಲಿನ ಹಾಗೆ ಆಗಿತ್ತು. ಅತ್ತೆ ಅದರ ಮೇಲೆ ಬೆರಳಾಡಿಸಿದಳು.

"ಹೂವಿನ ಹಂಗ ಅಂತಿದ್ದೆಲ್ಲ, ಲೇ."

"ನೀನೂ ಮಾವಗ ಹಂಗ ಅಂದಿದ್ದೆಲ್ಲ."

"ನಾ ಅಂದ್ರ ನೀನೂ ಅನ್ನಬೇಕೇನು?" ಎಂದು ಗದರಿಸಿದಳು. ಕಣ್ಣಲ್ಲಿ ನೀರು. ಆದರೂ ಗಂಟು ಬಿಚ್ಚಲಿಲ್ಲ. "ಕೂಸಿನ ಮ್ಯಾಲ ಹೋಗೂದಕಿಂತ ನನ್ನ ಮ್ಯಾಲ ಹೋಗಲಿ. ನಾ ಎಷ್ಟ ದಿನ ಇರತೇನಿ ಇನ್ನ."

ಅವಳ ಸೊಂಟ ನೆಟ್ಟಗಾಗಿ ಆರೇಳು ವರ್ಷವೂ ಆಗಿರಲಿಲ್ಲ. ಜಂತಿಯ ಜೇಡವನ್ನು ದಿನಾ ಹೊಡೆಯುತ್ತಿದ್ದಳು, ತಲೆ ಎತ್ತುವ ಸುಖಕ್ಕೇ.

ಆವತ್ತು ಯಮನೂರಪ್ಪ ಊಟಕ್ಕೆ ಕುಳಿತಾಗ ನಾನು ಬಾಯಿಬಿಟ್ಟೆ. ಹೆಗಲನ್ನೂ ತೋರಿಸಿದೆ. ಅವನು ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಟ್ಟೆಗೆ ಇಟ್ಟ.

"ಖರೇನ?"

"ಖರೆ."

"ಮತ್ತ ಇಷ್ಟ ದಿನ ಹೇಳಿಲ್ಲ?"

"ನಿನ್ನ ಮುಖ ನೋಡಿ ಹೇಳಾಕ ಆಗಲಿಲ್ಲ."

ಅವನು ನಂಬಿದ, ಅರ್ಧ. ಪೂರ್ತಿ ನಂಬುವುದು ಅವನಿಂದಾದರೂ ಹೇಗೆ ಸಾಧ್ಯ? ಗೂಟದಿಂದ ಬಂದೂಕು ಇಳಿಸಿದ. ಅವನ ಕೈಯಲ್ಲಿ ಅದು ಜೋಳದ ದಂಟಿನ ಹಾಗೆ ಬಂತು. ನಾನು ಗೋಡೆಗೆ ಒರಗಿದೆ. ಬೇಗನೆ ಕೆಳಗಿಟ್ಟು, ಮುಂದೆ ಕುಳಿತು, ಒಂದೊಂದೇ ಒಡವೆಯನ್ನು ಮುಟ್ಟಿ ನೋಡಿದ.

"ದುರ್ಬೀನು ತೆಗದ್ರ ಕಾಣಂಗಿಲ್ಲ."

"ಹೂಂ."

"ದೀಪ ತೆಗದ್ರ ಕತ್ತಲಾಗ ಎಡವತೇನಿ. ಊರುಗಾಲು ತೆಗದ್ರ ದುರ್ಬೀನು ಅಲ್ಲಾಡತೈತಿ. ಚೂರಿ… ಚೂರಿ ಇರಲಿ, ಯಾರರೆ ಹತ್ರ ಬಂದ್ರ? ತೋಟಾಪೆಟ್ಟಿಗಿ ಅಂತೂ ಬೇಕ ಬೇಕು." ಕೊನೆಗೆ ದೊಡ್ಡ ಮನಸ್ಸು ಮಾಡಿ ರೇಶಿಮೆಯ ಗೊಂಡೆ ಬಿಚ್ಚಿ ನನ್ನ ಕೈಗೆ ಕೊಟ್ಟ.

"ತಗೋ. ಇದಕಿಂತ ಹೆಚ್ಚಿಗಿ ಏನ್ ಮಾಡ್ಲಿ ಹೇಳು."

ಅಂಗೈಯಲ್ಲಿ ಗೊಂಡೆ ಇತ್ತೋ ಇಲ್ಲವೋ ತಿಳಿಯುವಂತಿರಲಿಲ್ಲ. ಅವನ ಮುಖದಲ್ಲಿ ಸುಳ್ಳು ಇರಲಿಲ್ಲ. ಅವನಿಗೆ ನಿಜವಾಗಿಯೂ ಅದೇ ದೊಡ್ಡ ತ್ಯಾಗವಾಗಿತ್ತು. ಬಾಗಿಲ ಬಳಿ ಅತ್ತೆಯ ಗಂಟು ಇತ್ತು. ಅವನು ಅದನ್ನೂ ನೋಡಿದ. "ಇದೇನು?" ಎಂದ. ಬಿಡಿಸಿ ಹೇಳುವುದು ಬೇಕಾಗಿರಲಿಲ್ಲ, ಈ ಊರಲ್ಲಿ ಹುಟ್ಟಿದವನಿಗೆ.

ಅಮಾವಾಸ್ಯೆ ಬಂತು. ಅತ್ತೆ ಮುಸ್ಸಂಜೆಗೆ ಕಾಲು ತೊಳೆದು, ನನ್ನ ಹಣೆಗೆ ಕುಂಕುಮ ಹಚ್ಚಿ, ಗಂಟಿಗೆ ಕೈ ಚಾಚಿದರೆ ಗಂಟು ಇರಲಿಲ್ಲ. ಬಂದೂಕು ಗೂಟದಲ್ಲೇ ಇತ್ತು. ಯಮನೂರಪ್ಪ ಮನೆಯಲ್ಲಿ ಇರಲಿಲ್ಲ. ಹುಡುಕಿಕೊಂಡು ಹೋದ ಅತ್ತೆಗೆ ಅವನು ಬಾವಿಕಟ್ಟೆಯ ಮೇಲೆ ಅವಳದೇ ಕೌದಿ ಹಾಸಿ ಮಲಗಿದ್ದು ಕಂಡಿತು.

"ಏನ್ ತಲಿ ಕೆಟ್ಟೈತೇನು ನಿಂದು? ಏಳ ಮ್ಯಾಲೆ!"

"ನೀ ಮನ್ಯಾಗ ಇರಬೇ. ಈ ಸಲ ಹೊಸಬ ನಾ ಆಗತೇನಿ."

"ಗಂಡಸಾಗಿ ಅಮಾಸಿ ದಿನ ಹೊರಗ ಮಲಗೂದೇನು? ಯಾರು ಮಾಡ್ಯಾರ ಇದನ್ನ?"

"ಯಾರೂ ಮಾಡಿಲ್ಲ. ಮಾಡಬಾರದು ಅಂತ ಯಾರು ಹೇಳ್ಯಾರ, ಅದನ್ನ ಹೇಳು."

ಅತ್ತೆ ತಿರುಗಿ ಬಂದು ಇದನ್ನೆಲ್ಲ ನನಗೆ ಹೇಳಿದಳು. ಅಮಾವಾಸ್ಯೆಯಂದು ಗಂಡಸರು ಹೊರಗೆ ಮಲಗುವುದು ಅಪಶಕುನ ಎಂದು ನಾವು ಕೇಳುತ್ತ ಬೆಳೆದವರು. ಯಾರಿಗೆ ಅಪಶಕುನ ಎಂದು ಕೇಳಿರಲಿಲ್ಲ, ಅಷ್ಟೇ.

ಮರುದಿನ ಊರಿಗೆಲ್ಲ ಸುದ್ದಿ. ಕೂಸು ಹುಟ್ಟುವವರೆಗೆ ಅವನು ಹೊಸಿಲು ದಾಟುವಂತಿಲ್ಲ. ಅತ್ತೆ ಊಟವನ್ನು ಕಟ್ಟೆಗೆ ಒಯ್ದು ಕೊಡುತ್ತಿದ್ದಳು. ಸಂಜೆ ಬಂದೂಕನ್ನು ಎತ್ತಿ ತಂದು ಬಾಗಿಲಲ್ಲಿ ಕೊಡುತ್ತಿದ್ದಳು. ಅವನು ಹೊತ್ತುಕೊಂಡು ಗೋಡೆಗೆ ಹೋಗುತ್ತಿದ್ದ. ಆ ದಿನಗಳಲ್ಲಿ ಭಾರ ಇನ್ನೂ ನನ್ನದೇ. ದಾರಿಯಲ್ಲಿ ಗಂಡಸರು ಬಿಡುತ್ತಿರಲಿಲ್ಲ.

"ಬಂದ್ಲು ನೋಡ್ರಪಾ ಹೊಸ ಸೊಸಿ! ತವರುಮನ್ಯಾಗ ಏನ್ ಕೊಟ್ಟಾರಬೇ?"

"ಒಡವಿ ಹೇರ್ಯಾರಲ್ಲೋ ಮೈತುಂಬ, ಕಾಣವಲ್ದೇನು?" ಎಂದು ಅವನು ಬಂದೂಕು ಅಲ್ಲಾಡಿಸಿ ತೋರಿಸುತ್ತಿದ್ದ. ಅವರ ಜೊತೆ ತಾನೂ ನಗುತ್ತಿದ್ದ.

ಕಿಟಕಿಯಲ್ಲಿ ನಿಂತು ನಾನು ಹೇಳಿದೆ, "ಒಡವಿ ತೆಗದ ಹೊರು. ಕೂಸು ಹುಟ್ಟಿದ ದಿನ ನಿನಗ ಗೊತ್ತಾಗತೈತಿ."

"ನೀ ಹೊತ್ತೀದಿ. ನನ್ನ ಹೆಗಲು ನಿನ್ನ ಹೆಗಲಕಿಂತ ಸಣ್ಣದೇನು?"

ಹೆಮ್ಮೆಯಿಂದ ಹೇಳಿದ್ದಲ್ಲ, ನನಗೆ ಧೈರ್ಯ ಬರಲಿ ಎಂದು ಹೇಳಿದ್ದು. ಅದೇ ನನ್ನ ಹೆದರಿಕೆ.

ನೋವು ಬೆಳಗ್ಗೆಯೇ ಶುರುವಾಗಿ ಸಂಜೆಯಾದರೂ ಮುಗಿಯಲಿಲ್ಲ. ಅತ್ತೆ ನನ್ನ ಬೆನ್ನ ಹಿಂದೆ ಕುಳಿತು ಒರಗು ಕೊಟ್ಟಿದ್ದಳು. ಬಾಜೂ ಮನೆಯವಳು ಮುಂದೆ. ಯಮನೂರಪ್ಪ ಹೊಸಿಲಿನ ಆಚೆ ಓಣಿಯ ಕಲ್ಲಿನ ಮೇಲೆ ಕುಳಿತಿದ್ದ, ಬಂದೂಕು ಪಕ್ಕದಲ್ಲಿ ನೆಲದ ಮೇಲೆ. ನಗಾರಿ ಕೇಳಿಸಿತು. ಓಣಿಯ ಗಂಡಸರು ಹೊರಬಿದ್ದರು. ಹೆಂಗಸರು ಕುಳಿತರು. ಅವನು ಕದಲಲಿಲ್ಲ.

"ಯಮನೂರಿ, ನಗಾರಿ ಆತೋ" ಎಂದು ಯಾರೋ ಕೂಗಿದರು.

"ಕೇಳೇತಿ."

"ಎತ್ತಬ್ಯಾಡೋ ತಮ್ಮಾ!" ಎಂದು ಅತ್ತೆ ಒಳಗಿನಿಂದ ಚೀರಿದಳು. "ಈಗ ಎತ್ತಿದ್ರ ಈಕಿ ಉಳಿಯೂದಿಲ್ಲ!"

"ಎತ್ತೂದಿಲ್ಲಬೇ. ನೀ ಅಲ್ಲಿ ನೋಡು."

ಎರಡನೇ ನಗಾರಿ. ಮೂರನೆಯದು ಬಾರಿಸುವುದರೊಳಗೆ ಬಂದೂಕು ಗೋಡೆಯ ಮೆಟ್ಟಿಲ ಮೇಲೆ ಇರಬೇಕು. ನಾನು ಅತ್ತೆಯ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದೆನೆಂದರೆ ಅವಳ ಬಳೆ ಒಡೆದು ಇಬ್ಬರಿಗೂ ಚುಚ್ಚಿತು. ಆಮೇಲೆ ಒಂದು ಅಳು ಕೇಳಿಸಿತು. ಅದು ನನ್ನದಲ್ಲ.

"ಬಾರೋ ಒಳಗ!" ಅತ್ತೆ ಕೂಗಿದಳು. "ಬಲಗಾಲು ಮುಂದ ಇಟ್ಟ ಬಾ!"

ಹೆರಿಗೆಯ ಕೋಣೆಗೆ ಗಂಡಸು ಬರುವ ಪದ್ಧತಿ ನಮ್ಮಲ್ಲಿ ಇಲ್ಲ. ಬಾಜೂ ಮನೆಯವಳು ಗಾಬರಿಯಿಂದ ನನ್ನ ಮೇಲೆ ಸೀರೆ ಎಳೆದಳು. ಯಮನೂರಪ್ಪ ಹೊಸಿಲಲ್ಲಿ ಒಂದು ಗಳಿಗೆ ತಡೆದು, ಯಾವುದು ಬಲಗಾಲು ಎಂದು ಮರೆತವನ ಹಾಗೆ ಕೆಳಗೆ ನೋಡಿಕೊಂಡು, ಒಳಗೆ ಬಂದ. ನೆತ್ತರಲ್ಲಿ ಅದ್ದಿದ ಕೂಸನ್ನು ನೋಡಿದ. ನನ್ನನ್ನು ನೋಡಿದ. ಹೊರಗೆ ಓಡಿದ. ನಗಾರಿಗೆ ಹೊತ್ತಾಗಿತ್ತು.

ಉಳಿದದ್ದನ್ನು ನಾನು ಮಲಗಿದಲ್ಲಿಂದಲೇ, ತೆರೆದ ಬಾಗಿಲಿನಿಂದ ಕಂಡೆ. ಅವನು ಎಂದಿನಂತೆ ಬಗ್ಗಿ ಒಂದು ಕೈಯಿಂದ ಬಂದೂಕು ಎತ್ತಲು ಹೋದ. ಬಂದೂಕು ಏಳಲಿಲ್ಲ. ಯಾರೋ ಕಾಲಲ್ಲಿ ಒತ್ತಿ ಹಿಡಿದಿದ್ದಾರೆಂಬಂತೆ ಸುತ್ತ ನೋಡಿದ. ಎರಡೂ ಕೈ ಹಾಕಿದ. ಹಲ್ಲು ಕಚ್ಚಿ ಹೆಗಲಿಗೇರಿಸಿದ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಆಮೇಲೆ ಮೊಣಕಾಲ ಮೇಲೆ ಬಿದ್ದ. ಓಣಿಯಲ್ಲಿ ಕುಳಿತಿದ್ದ ಹೆಂಗಸರು ಒಬ್ಬರೂ ನಗಲಿಲ್ಲ.

ನನ್ನ ಕಣ್ಣು ಕೂಸಿನ ಮೇಲಿತ್ತು. ಅದು ಹಗುರಾಗಿ ಕೈಕಾಲು ಬಡಿಯುತ್ತಿತ್ತು. ಎರಡೂ ಹೆಗಲು ಒಂದೇ ಸಮನಿದ್ದವು. ನಾನು ಮುಟ್ಟಿ ಮುಟ್ಟಿ ನೋಡಿದೆ. ಅತ್ತೆಯೂ ಮುಟ್ಟಿದಳು. ಆಮೇಲೆ ಅವಳು ಹೊರಗೆ ಹೋಗಿ ಮಗನ ಮುಂದೆ ನಿಂತಳು.

ಅವನು ಓಣಿಯ ಮಧ್ಯದಲ್ಲಿ ಕುಳಿತು ಒಡವೆ ಬಿಚ್ಚುತ್ತಿದ್ದ. ದುರ್ಬೀನಿನ ತಿರುಪು ಗಟ್ಟಿಯಾಗಿತ್ತು, ಬೆರಳಿನಿಂದ ಬರದೆ ಹಲ್ಲಿನಿಂದ ಕಚ್ಚಿ ತಿರುಗಿಸಿದ. ಊರುಗಾಲು, ದೀಪ, ತಗಡಿನ ಮರೆ, ಚೂರಿ, ಕೊಳವೆ, ಪೆಟ್ಟಿಗೆ. ಯಾವುದು ಬೇಕು ಯಾವುದು ಬೇಡ ಎಂದು ಈಗ ಯಾರನ್ನೂ ಕೇಳಲಿಲ್ಲ. ನನಗೆಂದು ತಂದ ಅಗಲದ ಹೆಗಲಪಟ್ಟಿಯನ್ನು ಕೊನೆಗೆ ಬಿಚ್ಚಿದ. ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಉಳಿದವುಗಳ ಮೇಲೆ ಇಟ್ಟ.

ಬರಿದಾದ ಬಂದೂಕನ್ನು ಎತ್ತಿ ನಿಂತ. ಬಲಕ್ಕೆ ಜೋಲಿ ಹೊಡೆದ.

"ಅವ್ವಾ, ಅಪ್ಪನ ಬಂದೂಕ ಇಷ್ಟ ಇತ್ತೇನು?"

"ಇಷ್ಟ ಇತ್ತು."

"ಇದೂ ಭಾರ ಐತಲ್ಲಬೇ!"

"ಮತ್ತ?" ಎಂದಳು ಅತ್ತೆ. ಸೆರಗಿನಿಂದ ಅವನ ಹಣೆ ಒರೆಸಿದಳು. "ಎಡಕ್ಕ ವಾಲು. ನಡೀಬಹುದು."

ಮೂರನೇ ನಗಾರಿಯ ಹೊತ್ತಿಗೆ ಅವನು ಎಡಕ್ಕೆ ವಾಲಿಕೊಂಡು, ಒಂದೊಂದೇ ಮೆಟ್ಟಿಲಿಗೆ ನಿಂತು ನಿಂತು, ಗೋಡೆ ಹತ್ತಿದನಂತೆ. ಆ ರಾತ್ರಿ ಯಾರೂ ಅವನನ್ನು ಸೊಸೆ ಎಂದು ಕರೆಯಲಿಲ್ಲವಂತೆ. ಕೆಲವರು ತಮ್ಮ ತಮ್ಮ ಬಂದೂಕಿ‌ನತ್ತ ನೋಡಿಕೊಂಡರಂತೆ. ಸಾವಕಾರ ಮಾತ್ರ ಹಳೆಯ ಸಾಮಾನು ಮಾರುವುದಿದ್ದರೆ ಹೇಳು ಎಂದನಂತೆ.

ಬೆಳಗ್ಗೆ ಬಂದವನು ಬಂದೂಕನ್ನು ಮೂಲೆಗೆ ಒರಗಿಸಿ ನನ್ನ ಚಾಪೆಯ ಪಕ್ಕದಲ್ಲಿ ಬೋರಲು ಬಿದ್ದ. ಅತ್ತೆ ಔಡಲೆಣ್ಣೆ ಬಿಸಿ ಮಾಡಿ ತಂದಳು. ನಾನು ಅವನ ಅಂಗಿ ಜಾರಿಸಿ ಹೆಗಲಿಗೆ ಹಚ್ಚಿದೆ. ಒಂದೇ ರಾತ್ರಿಗೆ ಎಲುಬಿನ ಮೇಲೆ ಕೆಂಪಗೆ ಬಾಸುಂಡೆ ಎದ್ದಿತ್ತು.

"ಹೆಂಗಿತ್ತು?" ಎಂದು ಕೇಳಿದೆ. ಅಷ್ಟು ವರ್ಷ ಅವನು ಕೇಳಿದ್ದನ್ನು.

ಅವನು ಚಾಪೆಗೆ ಮುಖ ಒತ್ತಿಕೊಂಡೇ ಹೇಳಿದ. "ಭಾರ ಇತ್ತು, ಹೊಳೆವ್ವಾ. ಭಾಳ ಭಾರ ಇತ್ತು."

ಒಬ್ಬ ಗಂಡಸಿನ ಬಾಯಲ್ಲಿ ಈ ಮಾತು ನಾನು ಕೇಳಿದ್ದು ಅದೇ ಮೊದಲು. ಮಗ್ಗುಲಾಗಿ ನನ್ನ ಹೆಗಲಿನ ಕಪ್ಪು ಜಾಗದ ಮೇಲೆ ಹಣೆ ಇಟ್ಟ. ಕೂಸು ಎಚ್ಚರಾಗುವವರೆಗೆ ಹಾಗೇ ಇದ್ದ.

ಅವತ್ತು ಇಡೀ ಹಗಲು ಅವನು ಮಲಗಲಿಲ್ಲ. ಬಂದೂಕಿನ ಮೂಲೆಯ ಕಡೆಗೆ ನೋಡುತ್ತ ಕುಳಿತಿದ್ದ. ಬಿಸಿಲು ಓಣಿಯಿಂದ ಏರಿ ಎದುರು ಮನೆಯ ಮಾಳಿಗೆಗೆ ಹೋದಾಗ ಕೇಳಿದ, "ಎತ್ತಲೇನು?"

ಅದು ಅಂಥ ಸಣ್ಣ ಮಾತು. ಆದರೆ ನಮ್ಮೂರಲ್ಲಿ ಯಾರೂ ಅದನ್ನು ಯಾರನ್ನೂ ಕೇಳಿರಲಿಲ್ಲ. ಒಲೆಯ ಮುಂದೆ ಅತ್ತೆಯ ಕೈ ನಿಂತಿತು. ಎತ್ತದಿದ್ದರೆ ಏನಾಗುತ್ತದೆ ಎಂದು ಮೂವರಿಗೂ ಗೊತ್ತಿತ್ತು. ಪಂಚರು ಬರುತ್ತಾರೆ. ಪಾತ್ರೆ, ಚಾಪೆ, ತೊಟ್ಟಿಲು ಎಲ್ಲ ಗೋಡೆಯ ಹೊರಗೆ ಬೀಳುತ್ತವೆ. ಅಲ್ಲಿಂದ ದಿನ್ನೆ ದೂರವಿಲ್ಲ. ದಿನ್ನೆಯ ಆಚೆ ಸೀರೆ ಒಣಹಾಕುವ ಒಬ್ಬಳಿದ್ದಾಳೆ.

"ಮೊದಲ ಇದನ್ನ ಎತ್ತು" ಎಂದು ಕೂಸನ್ನು ಅವನ ಮುಂದೆ ಹಿಡಿದೆ.

"ನನಗ ಬರೂದಿಲ್ಲ. ಕುತ್ತಿಗಿ ನಿಲ್ಲೂದಿಲ್ಲ ಅದರದು."

"ಒಂದ ಕೈ ಕುತ್ತಿಗಿ ಕೆಳಗ ಕೊಡು. ಒಂದ ಕೈ ಕುಂಡಿ ಕೆಳಗ. ಬಂದೂಕಲ್ಲ ಅದು, ಹಂಗ ಹಿಚುಕಬ್ಯಾಡ."

"ಏ, ಇದೂ ಭಾರ ಐತಿ!" ಎಂದ. ನಕ್ಕ. ಕಣ್ಣು ಒರೆಸಿಕೊಳ್ಳಲು ಕೈ ಇರಲಿಲ್ಲ.

ಗೋಡೆಯ ಮೇಲೆ ನಗಾರಿ ಶುರುವಾಯಿತು. ಕೂಸು ಬೆಚ್ಚಿತು. ಅವನು ಅದನ್ನು ಎದೆಗೆ ಒತ್ತಿಕೊಂಡು, ಅಗಲ ಅಂಗೈಯಿಂದ ಅದರ ಕಿವಿ ಮುಚ್ಚಿದ.